ಚಪ್ಪಲಿ ಮೆಟ್ಟುವಾಗ ಬರುವ ಮಾತು: ಮಕ್ಕಳ ದವಾಖಾನೆಯವರಿಗೆ ಕೇಳಿಸಿಕೊಳ್ಳುವುದನ್ನು ಕಲಿಸುವ ಬಗೆ

ನಮ್ಮ ಕಡೆ ಡಾಕ್ಟರ ಕೋಣೆಗೆ ಬರುವವರು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಬರುತ್ತಾರೆ. ಬೇಡ, ಹಾಕಿಕೊಂಡೇ ಬನ್ನಿ ಅಂದರೂ ಬಿಡುತ್ತಾರೆ. ಮಗುವನ್ನು ತೋರಿಸಿ, ಚೀಟಿ ಬರೆಸಿಕೊಂಡು ಹೊರಗೆ ಹೋಗಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟುವಷ್ಟರಲ್ಲಿ ತಾಯಿ ತಿರುಗಿ ನೋಡುತ್ತಾಳೆ. ‘ಸಾಹೇಬ್ರ, ಇನ್ನೊಂದ್ ಮಾತ್ರೀ...’ ಅನ್ನುತ್ತಾಳೆ. ಎಷ್ಟೋ ಸಲ ಅವಳು ಊರಲ್ಲಿ ಬಸ್ಸು ಹತ್ತಿದ್ದೇ ಆ ಇನ್ನೊಂದು ಮಾತಿಗಾಗಿ.

ನನಗೆ ಇದು ಗೊತ್ತಾಗಿದ್ದು ನನ್ನದೇ ಒಂದು ತಪ್ಪಿನಿಂದ. ಬಾಗಲಕೋಟೆಯಲ್ಲಿ ಮಕ್ಕಳ ಓಪಿಡಿ ನೋಡುತ್ತಿದ್ದೆ. ಸೋಮವಾರ, ಪಾಳಿ ಹೊರಗಿನ ಬೇವಿನ ಗಿಡದವರೆಗೂ ಇತ್ತು. ಮುಧೋಳ ಕಡೆಯ 7 ವರ್ಷದ ಹುಡುಗ. ‘ಸೊರಗ್ಯಾನ್ರೀ’ ಅಂದಳು ತಾಯಿ. ಜಂತುಹುಳದ ಮಾತ್ರೆ, ಒಂದು ಟಾನಿಕ್ ಬರೆದೆ. ಅವಳು ಚಪ್ಪಲಿ ಮೆಟ್ಟುತ್ತಾ, ‘ಈಗೀಗ ಹಾಸಿಗಿ ಒದ್ದಿ ಮಾಡಾಕ ಹತ್ಯಾನ್ರೀ, ಮೊದಲ ಹಿಂಗ ಇದ್ದಿದ್ದಿಲ್ಲ’ ಅಂದಳು. ನಾನು ಆಗಲೇ ಮುಂದಿನ ಮಗುವಿನ ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟಿದ್ದೆ. ‘ದೊಡ್ಡಾವ ಆದ್ರ ಹೊಕ್ಕೈತಿ’ ಅಂದುಬಿಟ್ಟೆ. ನಾಲ್ಕನೇ ದಿನ ಅದೇ ಹುಡುಗನನ್ನು ಅಪ್ಪ ಹೆಗಲ ಮೇಲೆ ಹಾಕಿಕೊಂಡು ಬಂದ. ಉಸಿರು ಆಳವಾಗಿ, ಜೋರಾಗಿ ಓಡುತ್ತಿತ್ತು. ಸಕ್ಕರೆ ಕಾಯಿಲೆ, ಅದೂ ರಕ್ತ ಆಮ್ಲವಾಗುವ ಹಂತಕ್ಕೆ ಹೋಗಿತ್ತು. ಹುಡುಗ ಉಳಿದ. ಈಗ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ಜೊತೆಗೆ ನೀರು ಜಾಸ್ತಿ ಕುಡಿದು ಸೊರಗುತ್ತಿದ್ದರೆ, ಅವತ್ತೇ ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಒಂದು ಹನಿ ರಕ್ತ ಸಾಕು. ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ಕನ್ನಡದಲ್ಲಿ ‘ಕೇಳು’ ಅನ್ನುವ ಒಂದೇ ಮಾತಿಗೆ ಎರಡು ಅರ್ಥ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ದವಾಖಾನೆಯವರು ಮೊದಲನೆಯದನ್ನು ಚೆನ್ನಾಗಿ ಕಲಿತಿರುತ್ತೇವೆ. ಎಷ್ಟು ದಿನದಿಂದ, ಎಷ್ಟು ಸಲ, ಹಸಿರೋ ಹಳದಿಯೋ. ಎರಡನೆಯದು ತಾನಾಗಿ ಬರುತ್ತದೆ ಅಂದುಕೊಂಡಿರುತ್ತೇವೆ. ಬರುವುದಿಲ್ಲ. ಕೈಗೆ ಸೂಜಿ ಕಲಿಸಿದ ಹಾಗೆ ಕಿವಿಗೂ ಕಲಿಸಬೇಕು.

2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಶುರುವಾಗಿ ಪಠ್ಯದಲ್ಲೇ ಸಂವಹನದ ಪಾಠಗಳಿವೆ, ಏಟ್‌ಕಾಮ್ ಅನ್ನುತ್ತಾರೆ. ಹೊಸ ಹುಡುಗ ಹುಡುಗಿಯರಿಗೆ ಇದು ಪೂರ್ತಿ ಹೊಸದಲ್ಲ. ಅದಕ್ಕೂ ಮೊದಲು ಓದಿದ ನಮ್ಮಂಥವರ ಕಥೆ ಬೇರೆ. ಇನ್ನು ತಾಯಂದಿರ ಜೊತೆ ಎಲ್ಲರಿಗಿಂತ ಜಾಸ್ತಿ ಮಾತಾಡುವ ಸಿಸ್ಟರ್, ಔಷಧ ಕೊಡುವವರು, ವಾರ್ಡಿನ ಆಯಾ, ಇವರನ್ನು ಇಂಥ ಪಾಠಕ್ಕೆ ಯಾರೂ ಕರೆಯುವುದೇ ಇಲ್ಲ. ಕೆಳಗಿನದು 20 ಹಾಸಿಗೆಯ ದವಾಖಾನೆಯಲ್ಲೂ ಮಾಡಬಹುದಾದ ತರಬೇತಿ. ಪ್ರೊಜೆಕ್ಟರ್ ಬೇಡ. ಒಂದು ಗಡಿಯಾರ, ಒಂದು ನೋಟ್‌ಬುಕ್, ನಾಲ್ಕು ಮಧ್ಯಾಹ್ನ ಬೇಕು.

ಮೊದಲು ಎಣಿಸಿ

ತರಬೇತಿಗೆ ಮುಂಚೆ ಒಂದು ವಾರ, ಓಪಿಡಿ ಕೋಣೆಯ ಮೂಲೆಯಲ್ಲಿ ಒಬ್ಬರನ್ನು ಕೂರಿಸಿ. ತಾಯಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಕೂತವರ ಕೆಲಸ ಎರಡೇ. ತಾಯಿ ಮಾತು ಶುರು ಮಾಡಿದ ಮೇಲೆ ಎಷ್ಟು ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕಿದರು, ಬರೆಯಬೇಕು. ಡಾಕ್ಟರು ಮಗುವಿಗೇ ಅಂತ ಎಷ್ಟು ಮಾತಾಡಿದರು, ಅದಕ್ಕೊಂದು ಗೆರೆ ಎಳೆಯಬೇಕು. ಮೂರನೆಯ ಲೆಕ್ಕ ಬಾಗಿಲ ಹತ್ತಿರ ಕೂರುವ ಆಯಾಗೆ ಬಿಡಿ. ಚಪ್ಪಲಿ ಮೆಟ್ಟಿದ ಮೇಲೆ ಎಷ್ಟು ಜನ ತಿರುಗಿ ಒಳಗೆ ಬಂದರು? ಒಬ್ಬರಿಗೊಂದು ಹುಣಸೆಬೀಜ ಡಬ್ಬಿಗೆ ಹಾಕಿದರೆ ಸಾಕು.

ಲೆಕ್ಕ ಬಂದ ಮೇಲೆ ಯಾರನ್ನೂ ಹೆಸರಿಟ್ಟು ಬೈಯಬೇಡಿ. ಇದು ನಮ್ಮೊಬ್ಬರ ರೋಗ ಅಲ್ಲ. 1984ರಲ್ಲಿ ಅಮೆರಿಕದಲ್ಲಿ ಇಂಥದ್ದೇ ಲೆಕ್ಕ ಹಾಕಿದಾಗ ರೋಗಿಯ ಮಾತನ್ನು ವೈದ್ಯರು ಸರಾಸರಿ 18 ಸೆಕೆಂಡಿಗೆ ತುಂಡರಿಸಿದ್ದು ಕಂಡಿತ್ತು. 2018ರಲ್ಲಿ ಅದೇ ದೇಶದ ಇನ್ನೊಂದು ಅಧ್ಯಯನದಲ್ಲಿ ಅದು ಸುಮಾರು 11 ಸೆಕೆಂಡಿಗೆ ಇಳಿದಿತ್ತು. ಮಕ್ಕಳ ವಿಷಯದಲ್ಲಂತೂ ಇದು ಹಳೇ ದೂರು. ಬಾರ್ಬರಾ ಕಾರ್ಷ್ ಅನ್ನುವ ಮಕ್ಕಳ ವೈದ್ಯೆ 1968ರಲ್ಲೇ ಲಾಸ್ ಏಂಜಲೀಸ್‌ನ ಮಕ್ಕಳ ಆಸ್ಪತ್ರೆಯಲ್ಲಿ 800 ಭೇಟಿಗಳನ್ನು ಗಮನಿಸಿ ಬರೆದಿದ್ದರು. ತಮ್ಮ ದೊಡ್ಡ ಚಿಂತೆಯನ್ನು ಹೇಳಲು ಅವಕಾಶವೇ ಸಿಗದೆ ವಾಪಸ್ ಹೋದ ತಾಯಂದಿರು ಅದರಲ್ಲಿ ಕಡಿಮೆ ಇರಲಿಲ್ಲ.

ನನ್ನ ಸೆಕೆಂಡುಗಳ ಲೆಕ್ಕವನ್ನು ನಾನೇ ಮೊದಲು ಓದಿದೆ. 9. ಎಲ್ಲರೂ ನಕ್ಕರು. ಆಮೇಲೆ ಉಳಿದವರು ತಮ್ಮದನ್ನು ಓದೋದು ಸುಲಭವಾಯಿತು. ನಿಮ್ಮಲ್ಲೂ ಹಿರಿಯರೇ ಮೊದಲು ಓದಲಿ. ಹಿರಿಯ ಡಾಕ್ಟರು ‘ನೀವ್ ಮಾಡ್ರಿ, ನನಗ ಕೆಲಸ ಐತಿ’ ಅಂತ ಎದ್ದು ಹೋದರೆ ಆ ತರಬೇತಿ ಅಲ್ಲಿಗೇ ಮುಗಿಯಿತು ಅಂತ ತಿಳಿಯಿರಿ.

ಎರಡು ನಿಮಿಷದ ಮೌನ

ಮೊದಲ ಮಧ್ಯಾಹ್ನ ಓಪಿಡಿ ಮುಗಿದ ಮೇಲೆ 8–10 ಜನ ಕೂರಿ. ಡಾಕ್ಟರು, ಸಿಸ್ಟರ್, ಔಷಧ ಕೌಂಟರಿನವರು, ಚೀಟಿ ಮಾಡುವವರು, ಆಯಾ, ಆಗುವುದಾದರೆ ಒಬ್ಬಿಬ್ಬರು ಆಶಾ ಕಾರ್ಯಕರ್ತೆಯರು. ಎಲ್ಲರೂ ಒಂದೇ ಥರದ ಕುರ್ಚಿಯಲ್ಲಿ. ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ತಮ್ಮ ಮನೆಯ ಮಗುವಿಗೆ ಆರಾಮಿಲ್ಲದಾಗಿನ ಒಂದು ರಾತ್ರಿಯ ಬಗ್ಗೆ ಎರಡು ನಿಮಿಷ ಮಾತಾಡಲಿ. ಇನ್ನೊಬ್ಬರು ಬಾಯಿ ತೆರೆಯುವ ಹಾಗಿಲ್ಲ. ಪೆನ್ನು ಇಲ್ಲ, ಮೊಬೈಲ್ ಇಲ್ಲ. ತಲೆಯಾಡಿಸಬಹುದು, ‘ಹೂಂ’ ಅನ್ನಬಹುದು. ಮುಗಿದ ಮೇಲೆ ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ಏನು ಬಿಟ್ಟುಹೋಯಿತು ಅಂತ ಮೊದಲಿನವರು ಹೇಳಬೇಕು.

ಸುಮ್ನೆ ಆಟದ ಹಾಗೆ ಕಾಣುತ್ತದೆ. ಮಾಡಿ ನೋಡಿ, ಎರಡು ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ನಮ್ಮ ಗುಂಪಿನ ಔಷಧ ಕೌಂಟರಿನ ಹುಡುಗ 20 ಸೆಕೆಂಡಿಗೇ ‘ಪ್ಯಾರಾಸಿಟಮಾಲ್ ಕೊಡಬೇಕಿತ್ತು’ ಅಂದುಬಿಟ್ಟ. ಅವನೇ ನಾಲಿಗೆ ಕಚ್ಚಿಕೊಂಡ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ‘ಮಾತಾಡಾಕ ಬಿಟ್ರ ಊರ ಪುರಾಣ ಶುರು ಮಾಡ್ತಾರ, 80 ಮಂದಿ ಪಾಳಿಯೊಳಗ ನಿಂತಿರತಾರ.’ ನಿಜ, ಪಾಳಿ ಇದೆ. ಆದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ರೋಗಿಗಳನ್ನು ತಡೆಯದೆ ಮಾತಾಡಲು ಬಿಟ್ಟು ಗಡಿಯಾರ ಹಿಡಿದಾಗ ಅವರು ತಾವಾಗೇ ನಿಲ್ಲಿಸಲು ತೆಗೆದುಕೊಂಡಿದ್ದು ಸರಾಸರಿ 92 ಸೆಕೆಂಡ್. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ಮುಗಿಸಿದ್ದರು. 2002ರಲ್ಲಿ ಪ್ರಕಟವಾದ ಲೆಕ್ಕ ಅದು. ಅವರು ದೊಡ್ಡವರು, ಅದು ಬೇರೆ ದೇಶ, ನಮ್ಮ ಆಯಿಯಂದಿರಷ್ಟು ಮಾತುಗಾರರು ಅವರಲ್ಲದೆ ಇರಬಹುದು. ಹಾಗಾಗಿ ನಿಮ್ಮ ಓಪಿಡಿಯಲ್ಲೇ ಹತ್ತು ಜನರಿಗೆ ಬಿಟ್ಟು ನೋಡಿ, ಗಡಿಯಾರ ನಿಮ್ಮ ಕೈಯಲ್ಲೇ ಇದೆಯಲ್ಲ. ನಮ್ಮಲ್ಲಿ ಹಾಗೆ ನೋಡಿದ ಹತ್ತರಲ್ಲಿ ಒಬ್ಬ ಆಯಿ ಮಾತ್ರ ಮೂರು ನಿಮಿಷ ದಾಟಿದರು. ಅದರಲ್ಲಿ ಅರ್ಧ ಸೊಸೆಯ ಮೇಲಿನ ದೂರು. ಆದರೆ ಮಗುವಿನ ಎದೆಹಾಲು ಯಾವಾಗ ಬಿಡಿಸಿದರು ಅನ್ನುವುದು ಆ ದೂರಿನ ನಡುವೆಯೇ ಸಿಕ್ಕಿತು.

ಒಂದು ಎಚ್ಚರಿಕೆ ಇದೇ ದಿನ ಕೊಟ್ಟುಬಿಡಿ. ಮಗುವಿಗೆ ಫಿಟ್ಸ್ ಬರುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಕುಡಿಯಲು ಆಗುತ್ತಿಲ್ಲವಾದರೆ, ಕುಡಿದದ್ದೆಲ್ಲ ವಾಂತಿ ಆಗುತ್ತಿದ್ದರೆ, ಉಸಿರಾಡುವಾಗ ಎದೆಗೂಡಿನ ಕೆಳಗೆ ಗುಂಡಿ ಬೀಳುತ್ತಿದ್ದರೆ ಎರಡು ನಿಮಿಷದ ಮೌನ ಇಲ್ಲ. ಮೊದಲು ಮಗು, ಆಮೇಲೆ ಮಾತು.

ಜನರ ಮಾತಿನ ವಹಿ

ಎರಡನೇ ಮಧ್ಯಾಹ್ನ ಪೂರ್ತಿ ಇದಕ್ಕೇ ಇಡಿ. ತಾಯಂದಿರು ಬಳಸುವ ಮಾತುಗಳನ್ನು ಒಂದು ಉದ್ದ ವಹಿಯಲ್ಲಿ ಬರೆಯಿರಿ. ಎಡಕ್ಕೆ ಅವರ ಮಾತು, ಬಲಕ್ಕೆ ಅದು ಏನೇನು ಆಗಿರಬಹುದು ಅನ್ನುವುದು. ಮೈಸೂರು, ಮಂಗಳೂರು ಕಡೆಯಿಂದ ಇಲ್ಲಿಗೆ ಬಂದ ಡಾಕ್ಟರುಗಳಿಗೆ ಇದು ಬೇಕೇ ಬೇಕು. ಇಲ್ಲೇ ಹುಟ್ಟಿ ಬೆಳೆದವರಿಗೂ ಬೇಕು, ಯಾಕೆಂದರೆ ಓದುವಾಗ ಇಂಗ್ಲಿಷ್ ಹೆಸರು ಕಲಿತು ನಮ್ಮವ್ವನ ಮಾತೇ ಮರೆತಿರುತ್ತೇವೆ.

‘ಆರಾಮಿಲ್ರೀ’ ಅಂದರೆ ನೆಗಡಿಯಿಂದ ಹಿಡಿದು ಅರಿವು ತಪ್ಪಿದ್ದರವರೆಗೆ ಏನೂ ಆಗಬಹುದು. ‘ಜ್ವರ ಬಂದಾವ್ರೀ’ ಅಂದಾಗ ಕೈ ಮುಟ್ಟಿ ನೋಡಿದ್ದೋ, ಥರ್ಮಾಮೀಟರ್ ಇಟ್ಟಿದ್ದೋ, ಕೇಳಬೇಕು. ‘ಸಂಡಾಸ ಹತ್ಯಾವ’ ಅಂದರೆ ಭೇದಿ, ಆದರೆ ದಿನಕ್ಕೆ ಎಷ್ಟು ಅನ್ನುವುದು ಅದರಲ್ಲಿಲ್ಲ. ‘ದಮ್ಮು’ ಅಂದರೆ ಕೆಲವರಿಗೆ ಉಬ್ಬಸ, ಕೆಲವರಿಗೆ ಬರೀ ಕೆಮ್ಮಿನ ಆಯಾಸ. ‘ದೃಷ್ಟಿ ಆಗೈತ್ರೀ’ ಅನ್ನುವುದನ್ನು ಕೇಳಿ ನಗುವವರಿದ್ದಾರೆ. ನಗಬೇಡಿ. ದೃಷ್ಟಿ ಅಂದಿದ್ದು ಯಾಕೆ, ಏನು ಕಂಡು ಹಾಗನ್ನಿಸಿತು ಅಂತ ಕೇಳಿ. ‘ಒಮ್ಮಿಗೇ ಹಾಲ ಬಿಡ್ತು, ಕಣ್ಣ ಮ್ಯಾಲೆ ಮಾಡ್ತು’ ಅನ್ನುವ ಉತ್ತರ ಬಂದರೆ ಅದು ದೊಡ್ಡ ಸುದ್ದಿ.

ಈ ವಹಿಗೆ ಅತಿ ಹೆಚ್ಚು ಮಾತು ಕೊಟ್ಟವರು ನಮ್ಮ ಆಯಾ ಮತ್ತು ಆಶಾ ಕಾರ್ಯಕರ್ತೆಯರು. ಅವತ್ತು ಅವರು ಮೇಷ್ಟ್ರು, ನಾವು ಹುಡುಗರು. ಅದರಿಂದ ಇನ್ನೊಂದು ಲಾಭವಾಯಿತು. ಮರುದಿನದಿಂದ ಆಯಾ ನೇರವಾಗಿ ನನ್ನ ಹತ್ತಿರ ಬಂದು, ‘ಸಾಹೇಬ್ರ, ಆ ಕಡೀ ಬೆಡ್ಡಿನ ತಾಯಿ ಏನೋ ಹೇಳಬೇಕಂತ ಐತಿ, ಅಂಜಾಕತ್ತೈತಿ’ ಅನ್ನತೊಡಗಿದರು.

ಭಾಷೆಯ ಇನ್ನೊಂದು ಗಂಟು ಇದೆ. ಬಾದಾಮಿ, ಹುನಗುಂದ ಕಡೆಯ ತಾಂಡಾಗಳಿಂದ ಬರುವವರು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಇಳಕಲ್ಲಿನ ಎಷ್ಟೋ ಮನೆಗಳಲ್ಲಿ ಉರ್ದು. ಕಬ್ಬಿನ ಹಂಗಾಮಿನಲ್ಲಿ ಮಹಾರಾಷ್ಟ್ರದಿಂದ ಬರುವ ಗ್ಯಾಂಗಿನವರು ಮರಾಠಿ. ಕನ್ನಡ ಬರುತ್ತದೆ ಅಂದರೂ ಅವಸರದಲ್ಲಿ, ಅಳುವಿನಲ್ಲಿ ಬರುವ ಮಾತು ತಾಯಿ ಮಾತೇ. ನಿಮ್ಮ ಸಿಬ್ಬಂದಿಯಲ್ಲಿ ಯಾರಿಗೆ ಯಾವ ಮಾತು ಬರುತ್ತದೆ ಅಂತ ಗೋಡೆಗೆ ಒಂದು ಚೀಟಿ ಅಂಟಿಸಿ. ಜೊತೆಗೆ ಬಂದ 9 ವರ್ಷದ ಅಕ್ಕನನ್ನೇ ದುಭಾಷಿ ಮಾಡಬೇಡಿ. ಅವಳಿಗೆ ಅರ್ಥವಾಗದ್ದನ್ನು ಅವಳು ಬಿಟ್ಟುಬಿಡುತ್ತಾಳೆ. ಅರ್ಥವಾದದ್ದಕ್ಕೆ ಹೆದರುತ್ತಾಳೆ.

ಮಗುವನ್ನು ಮಾತಾಡಿಸುವುದು

ನಮ್ಮ ಮೊದಲ ವಾರದ ಲೆಕ್ಕದಲ್ಲಿ ನಾಚಿಕೆಯಾಗಿದ್ದು ಸೆಕೆಂಡುಗಳಿಗಲ್ಲ, ಎರಡನೇ ಗೆರೆಗೆ. ಮಗುವಿಗೆ ಅಂತ ನಾವು ಆಡಿದ ಮಾತು ಬಹಳ ಸಲ ಒಂದೇ: ‘ಆ ಅನ್ನು’. ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಮಾತಿಗೂ ಬೆಲೆ ಕೊಡಬೇಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲೇ ಅದಕ್ಕೆ ಒಪ್ಪಿದೆ. ನಮ್ಮ ಓಪಿಡಿಗೆ ಇನ್ನೂ ಆ ಸುದ್ದಿ ಮುಟ್ಟಿರಲಿಲ್ಲ.

ಇದನ್ನು ಕಲಿಸಲು ನೆಲದ ಮೇಲೆ ಕೂರಿಸಿ. ನಿಜವಾಗಲೂ. ಒಬ್ಬ ಸಿಸ್ಟರ್ ನೆಲದ ಮೇಲೆ ಕಾಲು ಚಾಚಿ ಕೂತು, ಇನ್ನಿಬ್ಬರು ಅವರ ತಲೆಯ ಮೇಲೆ ಬಾಗಿ ನಿಂತು ಒಬ್ಬರಿಗೊಬ್ಬರು ಮಾತಾಡಿಕೊಳ್ಳಲಿ. ಒಂದು ನಿಮಿಷ ಸಾಕು. ಕೆಳಗಿನಿಂದ ಕಾಣುವುದು ಮೂಗಿನ ಹೊಳ್ಳೆ, ನೇತಾಡುವ ಸ್ಟೆತೊಸ್ಕೋಪ್, ಕಿಸೆಯಿಂದ ಇಣುಕುವ ಸಿರಿಂಜು. ಆಮೇಲೆ ಮೂಲೆಯಲ್ಲಿರುವ ಗಿಡ್ಡ ಸ್ಟೂಲನ್ನು ಯಾರೂ ಹೇಳದೆ ಎಳೆದುಕೊಳ್ಳುತ್ತಾರೆ.

ವಯಸ್ಸಿಗೆ ತಕ್ಕ ಹಾಗೆ ಕೇಳುವ ರೀತಿ ಬೇರೆ. 3 ವರ್ಷದೊಳಗಿನ ಮಗುವಿನ ಮಾತು ಮುಖದಲ್ಲಿ, ಕಾಲಿನಲ್ಲಿ, ಅಳುವಿನಲ್ಲಿದೆ. ಅದನ್ನು ಕಣ್ಣಿನಿಂದ ಕೇಳಬೇಕು. ತಾಯಿಯ ತೊಡೆ ಬಿಡಿಸಬೇಡಿ. ಸುಮ್ಮನಿದ್ದಾಗಲೇ ಉಸಿರು ಎಣಿಸಿ, ಎದೆ ಕೇಳಿ. ಕಿವಿ, ಗಂಟಲು ಕಡೆಗೆ. ಮೊದಲೇ ಗಂಟಲಿಗೆ ಚಮಚ ಹಾಕಿದರೆ ಅಳುವ ಮಗುವಿನ ಎದೆಯಲ್ಲಿ ನಿಮಗೆ ಏನೂ ಕೇಳಿಸದು. 3ರಿಂದ 6 ವರ್ಷದವರಿಗೆ ಗೊಂಬೆ ಕೊಟ್ಟು, ‘ಇದಕ್ಕ ಎಲ್ಲಿ ನೋಯ್ತೈತಿ, ತೋರ್ಸು’ ಅನ್ನಿ. ನೋವು ಎಷ್ಟು ಅಂತ ಕೇಳಲು ನಗುಮುಖದಿಂದ ಅಳುಮುಖದವರೆಗೆ ಆರು ಮುಖದ ಚಿತ್ರಪಟ ಇದೆ, ಗೋಡೆಗೆ ಹಾಕಿ. 8 ವರ್ಷ ದಾಟಿದವರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬಲ್ಲರು.

ಸಣ್ಣ ಮಕ್ಕಳಿಗೆ ಎಲ್ಲ ನೋವೂ ಹೊಟ್ಟೆ ನೋವೇ. ‘ಹೊಟ್ಟಿ ಬ್ಯಾನಿ’ ಅಂದ ಮಗುವಿಗೆ ಗಂಟಲು ಕೆಂಪಾಗಿರಬಹುದು, ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ ಇರಬಹುದು, ಮಾಸ್ತರರ ಭಯವೂ ಇರಬಹುದು. ‘ಎಂದೆಂದ ನೋಯೂದಿಲ್ಲ?’ ಅಂತ ಕೇಳಿ ನೋಡಿ. ‘ಐತ್ವಾರ’ ಅಂದರೆ ಶಾಲೆಯ ಕಡೆ ನೋಡಬೇಕಲ್ವಾ? 12–13ರ ಹುಡುಗ ಅಪ್ಪನ ಎದುರು ಹೊಟ್ಟೆ ಅಂತ ಹೇಳಿ, ನಿಜವಾಗಿ ವೃಷಣದ ನೋವನ್ನು ನಾಚಿಕೆಗೆ ಮುಚ್ಚಿಟ್ಟಿರುತ್ತಾನೆ. ಅದು ತಿರುಚಿಕೊಂಡಿದ್ದರೆ ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಒಳ್ಳೆಯದು, ತಡವಾದಷ್ಟೂ ಉಳಿಯುವುದು ಕಷ್ಟ. ಅಲ್ಲಿ ಒಂದು ಪ್ರಶ್ನೆ ಬಿಟ್ಟರೆ ಒಂದು ಅಂಗವೇ ಹೋಗುತ್ತದೆ.

ಅದಕ್ಕೇ ಹತ್ತು ದಾಟಿದವರ ಜೊತೆ ಐದು ನಿಮಿಷ ಬೇರೆಯಾಗಿ ಮಾತಾಡುವ ರೂಢಿ ಇರಬೇಕು. ‘ದೊಡ್ಡ ಹುಡುಗರ ಜೋಡಿ ನಾವು ಎಲ್ಲರಿಗೂ ಹಿಂಗ ಮಾತಾಡ್ತೀವ್ರೀ, ನೀವು ಸ್ವಲ್ಪ ಹೊರಗ ಕುಂದರ್ರಿ’ ಅಂದರೆ ಯಾವ ತಾಯಿಗೂ ಅನುಮಾನ ಬರುವುದಿಲ್ಲ. ಹುಡುಗಿಯ ಜೊತೆ ಮಾತಾಡುವಾಗ ಸಿಸ್ಟರ್ ಕೋಣೆಯಲ್ಲೇ ಇರಲಿ. ಯಾರಿಗೂ ಹೇಳುವುದಿಲ್ಲ ಅಂತ ಪೂರಾ ಮಾತು ಕೊಡಬೇಡಿ. ‘ನೀ ಹೇಳಿದ್ದನ್ನ ಊರಿಗೆಲ್ಲಾ ಹೇಳೂದಿಲ್ಲ. ಆದ್ರ ನಿನಗ ಯಾರಾದ್ರೂ ತ್ರಾಸ ಕೊಡ್ತಿದ್ರ ನಾ ಸುಮ್ನ ಕೂಡೂದಿಲ್ಲ’ ಅನ್ನಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅಲ್ಲಿ ಡಾಕ್ಟರ ಇಷ್ಟ ನಡೆಯುವುದಿಲ್ಲ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದಪ್ಪಕ್ಷರದಲ್ಲಿರಲಿ.

ಇನ್ನು ನಮ್ಮ ಊರಿನ ದೊಡ್ಡ ಪಿಡುಗು. ‘ಸುಮ್ನಿರು, ಇಲ್ಲಂದ್ರ ಸಾಹೇಬ್ರು ಸೂಜಿ ಮಾಡ್ತಾರ.’ ಅಜ್ಜ ಹಾಗಂದಾಗ ನಕ್ಕು ತಲೆಯಾಡಿಸುವ ಡಾಕ್ಟರನ್ನು ಮಗು ಮುಂದೆ ನಂಬುವುದಿಲ್ಲ. ‘ಇಲ್ಲ ಮುತ್ಯಾ, ಮಾತಾಡಿದ್ದಕ್ಕ ನಾ ಸೂಜಿ ಮಾಡೂದಿಲ್ಲ’ ಅಂತ ಮಗು ಕೇಳುವ ಹಾಗೆ ಹೇಳಿ. ನಿಜವಾಗಿ ಚುಚ್ಚಬೇಕಾದಾಗ ನೋಯುವುದಿಲ್ಲ ಅನ್ನಬೇಡಿ. ‘ಇರುವಿ ಕಚ್ಚಿದಂಗ ಆಗತೈತಿ, ಐದು ಎಣಸೂದ್ರಾಗ ಮುಗೀತೈತಿ’ ಅನ್ನಿ, ಐದರೊಳಗೆ ಮುಗಿಸಿ.

ಆಡಿ ತೋರಿಸುವುದು

ಮೂರನೇ ಮಧ್ಯಾಹ್ನ ನಾಟಕ. ಪಾರಿಜಾತ, ಸಣ್ಣಾಟ ನೋಡಿ ಬೆಳೆದ ಸೀಮೆ ಇದು. ಇಂಗ್ಲಿಷಿನಲ್ಲಿ ರೋಲ್ ಪ್ಲೇ ಅಂದಾಗ ಮುದುಡಿದವರು, ‘ನೀ ಅತ್ತಿ ಆಗು, ನೀ ಸೊಸಿ ಆಗು’ ಅಂದ ಕೂಡಲೇ ಸೆರಗು ಕಟ್ಟಿ ಎದ್ದರು. ಪ್ರಸಂಗವನ್ನು ನಿಮ್ಮ ವಾರ್ಡಿನಿಂದಲೇ ತೆಗೆಯಿರಿ, ಹೆಸರು ಊರು ಬದಲಿಸಿ. ನಾವು ಆಡಿದ್ದು ಇದು. 9 ತಿಂಗಳ ಕೂಸು, ಮೂರು ದಿನದಿಂದ ಭೇದಿ. ಅತ್ತೆ ಮಾತಾಡುತ್ತಾಳೆ, ತಾಯಿ ಸೆರಗಿನ ತುದಿ ಹಿಡಿದು ನಿಂತಿದ್ದಾಳೆ. ಅಂಗಿ ಎತ್ತಿದರೆ ಹೊಟ್ಟೆಯ ಮೇಲೆ ಬರೆ ಹಾಕಿಸಿದ ಗುರುತು.

ಮೊದಲ ಸಲ ಸಿಸ್ಟರ್ ತಾನು ದಿನಾ ಮಾಡುವ ಹಾಗೆಯೇ ಮಾಡಿದಳು. ‘ಏನ್ರೀ ಇದು? ಬುದ್ಧಿ ಐತೇನ್ ನಿಮಗ? ಕೂಸಿಗಿ ಸುಡ್ತಾರೇನು?’ ಅತ್ತೆಯ ವೇಷದಲ್ಲಿದ್ದ ಆಶಾ ಕಾರ್ಯಕರ್ತೆ ಬಾಯಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಎಷ್ಟು ಪ್ರಶ್ನೆಗೂ ‘ಗೊತ್ತಿಲ್ರೀ’. ಬರೀ ನಾಟಕ, ಆದರೂ ಕೋಣೆ ತಣ್ಣಗಾಯಿತು.

ಎರಡನೇ ಸಲ.

‘ಹೊಟ್ಟಿ ಮ್ಯಾಲೆ ಗುರುತ ಅದಾವಲ್ರೀ ಆಯೀ. ಕೂಸು ಭಾಳ ಅಳ್ತಿತ್ತೇನ್ರೀ?’

‘ಹೂನ್ರೀ ಅಕ್ಕಾರ. ರಾತ್ರಿ ಬೆಳತನಕ ಅತ್ತೈತಿ. ಕರುಳ ಚುರ್ ಅಂತು. ಹಿರ್ಯಾರು ಹೇಳಿದ್ರು, ಹಾಕಿಸಿದ್ವಿ.’

‘ಮತ್ತ ಏನೇನ್ ಮಾಡಿದ್ರಿ ಕೂಸಿಗಿ?’

‘ಬಜಿ ಬೇರ ತೇಯ್ದು ನೆಕ್ಕಿಸಿದ್ವಿ. ನೀರ ಬಂದ್ ಮಾಡಿದ್ವಿ. ಕುಡಿಸಿದಷ್ಟೂ ಸಂಡಾಸ ಆಗತಾವಲ್ರೀ.’

ಸಿಸ್ಟರ್ ಸುಮ್ಮನಿದ್ದಳು. ಮೂರು ಸೆಕೆಂಡ್ ಇರಬಹುದು. ಆಮೇಲೆ ತಾಯಿಯ ಕಡೆ ತಿರುಗಿ, ‘ತಂಗಿ, ಉಚ್ಚಿ ಹೊಯ್ದು ಎಷ್ಟೊತ್ತಾತವಾ?’

ತಾಯಿ ಮೊದಲ ಸಲ ಬಾಯಿ ತೆರೆದಳು. ‘ನಿನ್ನಿ ಸಂಜೀಕ್ರೀ.’

ಚಿಕಿತ್ಸೆಗೆ ಬೇಕಾಗಿದ್ದ ಎರಡು ಮಾತು, ನೀರು ನಿಲ್ಲಿಸಿದ್ದು ಮತ್ತು ನಿನ್ನೆ ಸಂಜೆಯಿಂದ ಮೂತ್ರ ಇಲ್ಲದ್ದು, ಎರಡೂ ಬಂದವು. ಬರೆ ಹಾಕುವುದು ಸರಿ ಅಂತ ಸಿಸ್ಟರ್ ಒಪ್ಪಿದಳೇ? ಇಲ್ಲ. ಆ ಮಾತನ್ನು ಮುಂದಕ್ಕೆ ಹಾಕಿದಳು. ಸುಟ್ಟ ಗಾಯಕ್ಕೆ ನಂಜಾಗಿ ಕೂಸಿನ ಜೀವಕ್ಕೇ ಕುತ್ತು ಬರಬಹುದು ಅನ್ನುವುದನ್ನು ಕೂಸು ಚೇತರಿಸಿಕೊಂಡ ಮೇಲೆ, ಮನೆಗೆ ಕಳಿಸುವ ದಿನ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕು. ಬಿಡದೆ ಹೇಳಬೇಕು. ಹೊತ್ತು ನೋಡಿ ಹೇಳಬೇಕು, ಅಷ್ಟೇ.

ಆಟ ಮುಗಿದ ಮೇಲೆ ಮಾತಾಡುವ ಕ್ರಮ ಹೀಗಿರಲಿ. ಆಡಿದವರು ಮೊದಲು ತಾವೇ ಹೇಳಲಿ. ನೋಡಿದವರು ಚೆನ್ನಾಗಿ ಆಗಿದ್ದನ್ನು ಹೇಳಲಿ. ಆಮೇಲೆ ಬದಲಿಸಬೇಕಾದ್ದು ಒಂದು, ಒಂದೇ. ‘ಎರಡನೇ ಪ್ರಶ್ನೆ ಆದ ಮೇಲೆ ತಡೆದಿದ್ದು ಛಲೋ ಆತು’ ಅಂತ ಜಾಗ ತೋರಿಸಿ ಹೇಳಬೇಕು. ‘ಛಲೋ ಮಾಡಿದಿ’ ಅಂದರೆ ಏನೂ ಹೇಳಿದ ಹಾಗಲ್ಲ. ಅತ್ತೆ, ತಾಯಿ ಆಗಿದ್ದವರನ್ನು ಮರೆಯಬೇಡಿ: ಯಾವ ಮಾತಿಗೆ ಬಾಯಿ ಮುಚ್ಚಿತು, ಯಾವುದಕ್ಕೆ ತೆರೆಯಿತು?

‘ಮತ್ತೇನಾದ್ರೂ’ ಅಲ್ಲ, ‘ಮತ್ತೇನ್’

ನಾಲ್ಕನೇ ಮಧ್ಯಾಹ್ನದ ಮೊದಲರ್ಧ ಒಂದೇ ಪ್ರಶ್ನೆಗೆ. ಚಪ್ಪಲಿಯ ಹತ್ತಿರ ಬರುವ ಮಾತನ್ನು ಕುರ್ಚಿಯ ಹತ್ತಿರವೇ ಬರಿಸುವ ಪ್ರಶ್ನೆ ಅದು. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವು ವೈದ್ಯರು ‘ಎನಿಥಿಂಗ್ ಎಲ್ಸ್’ ಅಂತ, ಕೆಲವರು ‘ಸಮ್‌ಥಿಂಗ್ ಎಲ್ಸ್’ ಅಂತ ಕೇಳಿದರು. ಎನಿ ಅಂದವರಿಗೆ ಏನೂ ಕೇಳದಿದ್ದವರಿಗಿಂತ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಸಮ್ ಅಂದವರ ರೋಗಿಗಳಲ್ಲಿ ಹೇಳದೇ ಉಳಿದ ಚಿಂತೆಗಳು ನೂರಕ್ಕೆ 78ರಷ್ಟು ಕಡಿಮೆಯಾದವು. ಭೇಟಿಯ ಹೊತ್ತೂ ಹೆಚ್ಚಾಗಲಿಲ್ಲ.

ನಮ್ಮ ಮಾತಿನಲ್ಲಿ ಇದನ್ನು ಹೇಗೆ ಕೇಳುವುದು? ‘ಮತ್ತೇನಾದ್ರೂ ಐತೇನ್ರೀ?’ ಅಂದರೆ ಬಾಯಿಗೆ ತಾನಾಗಿ ಬರುವುದು ‘ಇಲ್ರೀ’. ಕೈ ಆಗಲೇ ಮುಂದಿನ ಚೀಟಿಗೆ ಹೋಗಿದ್ದರಂತೂ ಕೇಳುವುದೇ ಬೇಡ. ‘ಮತ್ತೇನ್ ಹೇಳಬೇಕಂತ ಬಂದೀರಿ? ಹೇಳ್ರಿ’ ಅಂದರೆ ಇನ್ನೇನೋ ಇದೆ ಅಂತ ನಾವೇ ಒಪ್ಪಿಕೊಂಡ ಹಾಗೆ. ನಮ್ಮ ಸಿಸ್ಟರ್‌ಗಳು ಇದಕ್ಕೊಂದು ಇನ್ನೂ ಒಳ್ಳೆಯ ರೂಪ ಹುಡುಕಿದರು: ‘ಬಸ್ಸಿನ್ಯಾಗ ಬರೂ ಮುಂದ ಏನ್ ಏನ್ ಕೇಳಬೇಕು ಅನ್ಕೊಂಡಿದ್ರಿ?’ ತಾಯಂದಿರು ಬೆರಳು ಮಡಚಿ ಎಣಿಸತೊಡಗುತ್ತಾರೆ. ಈ ಪ್ರಶ್ನೆಯನ್ನು ಕೊನೆಗಲ್ಲ, ಚೀಟಿ ಬರೆಯುವುದಕ್ಕೆ ಮುಂಚೆ ಕೇಳಿ. ಪೆನ್ನು ಕೆಳಗಿಟ್ಟು ಕೇಳಿ.

ತಿರುಗಿ ಹೇಳಿಸುವುದು

ಉಳಿದರ್ಧ ಇದಕ್ಕೆ. ‘ತಿಳೀತೇನ್ರೀ?’ ಅನ್ನುವ ಪ್ರಶ್ನೆಯನ್ನು ನಿಮ್ಮ ದವಾಖಾನೆಯಿಂದ ಹೊರಗೆ ಹಾಕಿ. ಅದಕ್ಕೆ ‘ಹೂನ್ರೀ’ ಬಿಟ್ಟು ಬೇರೆ ಉತ್ತರವಿಲ್ಲ. ‘ಮನೀಗಿ ಹೋದ ಮ್ಯಾಲೆ ಅತ್ತಿ ಕೇಳ್ತಾರ, ಡಾಕ್ಟರ್ ಏನಂದ್ರು ಅಂತ. ಏನ್ ಹೇಳ್ತೀರಿ?’ ಅನ್ನಿ. ತಪ್ಪಾದರೆ ತಾಯಿಯದಲ್ಲ, ‘ನಾನೇ ಸರಿ ಹೇಳಿಲ್ಲ ತಗೋರಿ’ ಅಂತ ಇನ್ನೊಮ್ಮೆ.

ಓಆರ್‌ಎಸ್ ಪೊಟ್ಟಣದ ಮೇಲೆ ಇದನ್ನು ಅಭ್ಯಾಸ ಮಾಡಿಸಿ. ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ಕುಡಿಯುವ ನೀರಿಗೆ ಕಲಸಬೇಕು, 24 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ನಾವು ಹೇಳಿದ್ದು ಅಷ್ಟೇ. ತಿರುಗಿ ಹೇಳಿಸಿದಾಗ ಗೊತ್ತಾಗಿದ್ದು, ಬಹಳ ಮಂದಿ ಒಂದು ವಾಟಿ ನೀರಿಗೆ ಎರಡು ಚಮಚ ಪುಡಿ ಹಾಕುತ್ತಿದ್ದರು. ಹಾಗೆ ಗಟ್ಟಿಯಾದರೆ ಉಪ್ಪು ಜಾಸ್ತಿಯಾಗಿ ಕೂಸಿಗೆ ಕೇಡು. ಈಗ ಕೌಂಟರಿನಲ್ಲಿ ಒಂದು ಲೀಟರಿನ ಖಾಲಿ ಬಾಟಲಿ ಇಟ್ಟು ತೋರಿಸುತ್ತಾರೆ. ಜಿಂಕ್ ಮಾತ್ರೆಯದೂ ಇದೇ ಕಥೆ. 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ, ಭೇದಿ ನಿಂತರೂ ಬಿಡದೆ 14 ದಿನ. ಅದರ ಕೆಳಗಿನ, 2 ತಿಂಗಳು ದಾಟಿದ ಕೂಸಿಗೆ 10. ‘ನಿಂತ್ ಮ್ಯಾಲೂ ಕೊಡೂದೇನ್ರೀ?’ ಅಂತ ತಾಯಿ ತಾನಾಗಿ ಕೇಳಿದರೆ ಅವತ್ತಿನ ಪಾಠ ಆಯಿತು.

ಔಷಧ ಕೌಂಟರಿನವರನ್ನು ತರಬೇತಿಗೆ ಕರೆಯಿರಿ ಅಂದಿದ್ದು ಇದಕ್ಕೇ. ಡಾಕ್ಟರ ಎದುರು ಸುಮ್ಮನಿದ್ದ ತಾಯಿ ಜಾಲರಿಯ ಮುಂದೆ ಮಾತಾಡುತ್ತಾಳೆ. ಅಲ್ಲಿ ಬಂದ ಮಾತು ವಾಪಸ್ ಡಾಕ್ಟರಿಗೆ ಮುಟ್ಟಲು ಒಂದು ದಾರಿ ಬೇಕು. ನಮ್ಮಲ್ಲಿ ಚೀಟಿಯ ಹಿಂದೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಬರೆದು ತಾಯಿಯನ್ನು ತಿರುಗಿ ಕಳಿಸುತ್ತಾರೆ. ಅವಳಿಗೆ ಪಾಳಿ ಇಲ್ಲ.

ಆಮೇಲೆ

ನಾಲ್ಕು ಮಧ್ಯಾಹ್ನ ಮುಗಿದ ಮೇಲೆ ಒಂದು ವಾರ ಎಲ್ಲ ಚೆನ್ನಾಗಿರುತ್ತದೆ. ಮಳೆಗಾಲದ ಜ್ವರ ಶುರುವಾದ ಕೂಡಲೇ ಹಳೇ ಚಾಳಿ ತಿರುಗಿ ಬರುತ್ತದೆ. ನಮಗೂ ಬಂತು. ಅದಕ್ಕೆ ಶನಿವಾರ 15 ನಿಮಿಷ, ಚಹಾ ಕುಡಿಯುತ್ತಾ, ಆ ವಾರ ಕೇಳಿಸಿಕೊಂಡಿದ್ದರಿಂದ ಸಿಕ್ಕ ಒಂದು ಸಂಗತಿ, ಕೇಳಿಸಿಕೊಳ್ಳದೆ ತಪ್ಪಿದ ಒಂದು ಸಂಗತಿ, ಯಾರಾದರೂ ಹೇಳಲಿ. ತಪ್ಪಿದ್ದನ್ನು ಹೇಳಿದವರಿಗೆ ಮೆಮೋ ಕೊಟ್ಟರೆ ಮುಂದಿನ ಶನಿವಾರದಿಂದ ಒಳ್ಳೆಯ ಸುದ್ದಿ ಮಾತ್ರ ಬರುತ್ತದೆ. ಮೂರು ತಿಂಗಳಿಗೊಮ್ಮೆ ಮೂಲೆಯ ಕುರ್ಚಿ, ಗಡಿಯಾರ, ಗೆರೆಗಳ ಲೆಕ್ಕ ಮತ್ತೆ ಮಾಡಿ. ಹೊಸದಾಗಿ ಸೇರಿದವರಿಗೆ ವಹಿ ಓದಲು ಕೊಡಿ, ಅವರ ಕೈಯಿಂದಲೂ ಎರಡು ಮಾತು ಬರೆಸಿ.

ಹುಣಸೆಬೀಜದ ಡಬ್ಬಿ ಮಾತ್ರ ದಿನಾ ನಡೆಯುತ್ತದೆ. ಸಂಜೆ ಬಾಗಿಲು ಹಾಕುವಾಗ ಆಯಾ ಅದನ್ನು ನನ್ನ ಮೇಜಿನ ಮೇಲೆ ಸುರಿದು ಎಣಿಸುತ್ತಾರೆ. ಮೊನ್ನೆ 3 ಇದ್ದವು. ‘ಇವತ್ತ ಕಡಿಮಿ ಅದಾವ’ ಅಂದೆ ಖುಷಿಯಿಂದ. ‘ಇವತ್ತ ಮಂದೀನೂ ಕಡಿಮಿ ಇದ್ರಲ್ರೀ ಸಾಹೇಬ್ರ’ ಅಂದು ಬೀಜಗಳನ್ನು ಡಬ್ಬಿಗೆ ತುಂಬಿಕೊಂಡು ಹೋದರು. ಅಂದಿನಿಂದ ಪಕ್ಕದಲ್ಲಿ ಅವತ್ತಿನ ಚೀಟಿಗಳ ಸಂಖ್ಯೆಯನ್ನೂ ಬರೆಯುತ್ತಿದ್ದೇವೆ.